ಓದುಗರ ಪ್ರಶ್ನೆ: ಕ್ರಿಸ್ಮಸ್‌ಗೆ ಸಂಗೀತ ನಾಟಕ

ಪ್ರಶ್ನೆ: ನಮ್ಮ ಸಭೆಯವರು ಕ್ರಿಸ್ಮಸ್‌ಗೆ ಮುಕ್ಕಾಲು ಗಂಟೆಯ ಸಂಗೀತ ನಾಟಕ ಆಡಬೇಕೆಂದಿದ್ದೇವೆ. ಸಂಡೇ ಸ್ಕೂಲ್ ಮಕ್ಕಳೂ ಸೇರಿ ನಲವತ್ತು ಜನ. ಕ್ವಾಯರ್‌ನವರು ನಿಂತಲ್ಲೇ ಚೆನ್ನಾಗಿ ಹಾಡುತ್ತಾರೆ. ಅಭಿನಯಕ್ಕಿಳಿದರೆ ಶ್ರುತಿ ತಪ್ಪುತ್ತದೆ, ಸಾಲು ಮರೆಯುತ್ತದೆ. ಏನು ಮಾಡೋಣ?
– ಓದುಗರೊಬ್ಬರು, ಧಾರವಾಡ

ಉತ್ತರ: ಪಕ್ಕದವರ ದನಿ ಹಿಡಿದು ಹಾಡುವ ರೂಢಿಯವರು ವೇದಿಕೆಯಲ್ಲಿ ಚದುರಿದ ಕೂಡಲೇ ಒಂಟಿಯಾಗುತ್ತಾರೆ. ದೊಡ್ಡ ಸ್ಪೀಕರುಗಳು ಜನರ ಕಡೆ ಮುಖ ಮಾಡಿರುವುದರಿಂದ ಕೀಬೋರ್ಡೂ ಸರಿಯಾಗಿ ಕೇಳಿಸದು. ವೇದಿಕೆಯ ಅಂಚಿನಲ್ಲಿ ಹಾಡುವವರ ಕಡೆಗೆ ತಿರುಗಿಸಿ ಸಣ್ಣ ಸ್ಪೀಕರೊಂದನ್ನಿಡಿ. ಅದಕ್ಕೆ ಕೀಬೋರ್ಡ್ ಮಾತ್ರ ಕೊಡಿ. ಮೈಕಿನ ದನಿ ಸೇರಿದರೆ ಕುಂಯ್‌ಗುಟ್ಟುತ್ತದೆ. ಕುರುಬರು, ದೂತರು ಎಂದು ಗುಂಪು ಮಾಡುವಾಗ ಪ್ರತಿ ಗುಂಪಿನಲ್ಲೂ ಆಲ್ಟೋ (ಹೆಂಗಸರ ಕೆಳದನಿ), ಟೆನರ್ (ಗಂಡಸರ ಮೇಲ್ದನಿ) ಗಟ್ಟಿಯಾಗಿ ಹಿಡಿಯುವ ಒಬ್ಬೊಬ್ಬರಿರಲಿ. ಅಷ್ಟು ಜನ ಇಲ್ಲವೆ? ಆ ಹಾಡನ್ನು ಎಲ್ಲರೂ ಮುಖ್ಯ ಧಾಟಿಯಲ್ಲೇ ಒಟ್ಟಾಗಿ ಹಾಡಲಿ, ಯಾರೂ ದೂರುವುದಿಲ್ಲ.

ಹಾಡಿನ ಮೊದಲ ಸಾಲಿಗೆ ನಡಿಗೆ ಬೇಡ. ನಿಂತು, ಉಸಿರೆಳೆದು ಎತ್ತಿಕೊಳ್ಳಲಿ. ಹೆಜ್ಜೆ ಎರಡನೇ ಸಾಲಿಗೆ. ಹಿಂದಿನ ಸಂಭಾಷಣೆ ಮುಗಿಯುವ ಮೊದಲೇ ಕೀಬೋರ್ಡಿನವರು ಎತ್ತುಗಡೆಯ ಸ್ವರವನ್ನು ಮೆಲ್ಲಗೆ ಹಿಡಿದಿರಬೇಕು.

ಸಾಲು ಮರೆಯುವುದು ತಡವಾಗಿ ಶುರುಮಾಡುವುದರಿಂದ. ಡಿಸೆಂಬರಿನಲ್ಲಿ ಮನೆಮನೆಗೆ ಕ್ಯಾರಲ್ ಶುರುವಾದರೆ ಅರ್ಧ ಜನ ಅಭ್ಯಾಸಕ್ಕೆ ಬರುವುದಿಲ್ಲ, ಬಂದವರ ಗಂಟಲು ಕಟ್ಟಿರುತ್ತದೆ. ಸೆಪ್ಟೆಂಬರ್ ಕೊನೆಯಿಂದಲೇ ಭಾನುವಾರದ ಆರಾಧನೆ ಮುಗಿದೊಡನೆ ಒಂದೂವರೆ ತಾಸು ಬರೀ ಹಾಡು ಕಲಿಸಿ. ನವೆಂಬರ್ ಎರಡನೇ ವಾರಕ್ಕೆ ಹಾಳೆ ಕೆಳಗಿಡಿಸಿ, ಅಭಿನಯ ಅಲ್ಲಿಂದ. ಮುಖ್ಯ ಪಾತ್ರಗಳಿಗೆ ಇಬ್ಬಿಬ್ಬರನ್ನು ತಯಾರು ಮಾಡಿ.

ಮಕ್ಕಳ ಹಾಡು ಕೀಬೋರ್ಡಿನ ನಡುವಿನ ‘ಸಿ’ಯಿಂದ ಮೇಲಿನ ‘ಡಿ’ಯೊಳಗೇ ಇರಲಿ. ಅದಕ್ಕಿಂತ ಕೆಳಗೆ ಅವರ ದನಿ ಸಭೆಗೆ ಕೇಳಿಸದು. ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದ್ದರೆ ಹಾಡು ಮುಗಿದ ಮೇಲೆ ಸೊನ್ನೆಗೆ ತನ್ನಿ. ಮರೆತರೆ ಮುಂದಿನ ಹಾಡು ಪೂರ್ತಿ ಎಡವಟ್ಟು. ಪ್ರತಿ ಹಾಳೆಯ ಮೇಲ್ತುದಿಯಲ್ಲಿ ಆ ಅಂಕಿ ಬರೆದಿಡುವುದು ಒಳ್ಳೆಯದು. ಕರೋಕೆ ಟ್ರ್ಯಾಕ್ ಮಾತ್ರ ಬೇಡವೇ ಬೇಡ. ಕುರಿಮರಿ ವೇಷದ ಮಗು ಅಮ್ಮನನ್ನು ಹುಡುಕುತ್ತ ನಿಂತುಬಿಟ್ಟರೆ ಕೀಬೋರ್ಡಿನವರು ಅದೇ ಸಾಲನ್ನು ಇನ್ನೊಮ್ಮೆ ನುಡಿಸಿ ಕಾಯಬಲ್ಲರು.

ಪ್ರಶ್ನೆ: ಈಚಿನ ಇಂಗ್ಲಿಷ್ ಹಾಡೊಂದನ್ನು ಕನ್ನಡಕ್ಕೆ ತಂದು ಸೇರಿಸಿದ್ದೇವೆ. ಅನುಮತಿ ಬೇಕೆ?
– ಅದೇ ಓದುಗರು

ಉತ್ತರ: ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಲ್) ಪ್ರಕಾರ ಹವ್ಯಾಸಿ ತಂಡ ಪ್ರೇಕ್ಷಕರಿಂದ ಹಣ ಪಡೆಯದೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಪ್ರದರ್ಶಿಸಿದರೆ ಅಡ್ಡಿಯಿಲ್ಲ. ಆದರೆ ಆ ವಿನಾಯಿತಿ ಪ್ರದರ್ಶನಕ್ಕಷ್ಟೇ. ಅನುವಾದದ ಹಕ್ಕು ಬೇರೆ. ಯೂಟ್ಯೂಬಿಗೆ ಹಾಕುವುದೂ ಆ ವಿನಾಯಿತಿಯಲ್ಲಿ ಬರುವುದಿಲ್ಲ. ಪ್ರಕಾಶಕರಿಗೆ ಈಗಲೇ ಬರೆಯಿರಿ, ಉತ್ತರ ತಡವಾಗಬಹುದು. ನಮ್ಮಲ್ಲಿ ಈ ಹಕ್ಕು ರಚನಕಾರರ ಮರಣಾನಂತರ 60 ವರ್ಷ ಇರುತ್ತದೆ. 19ನೇ ಶತಮಾನದ ಬಾಸೆಲ್ ಮಿಷನ್ ಕಾಲದ ಕೀರ್ತನೆಗಳನ್ನು ನಿಶ್ಚಿಂತೆಯಿಂದ ಬಳಸಬಹುದು, ಅದಕ್ಕೆ ಈಚೆಗೆ ಯಾರೋ ಕೂಡಿಸಿದ ಹೊಸ ಹಾರ್ಮನಿಯನ್ನು ಮಾತ್ರ ಕೇಳದೆ ಎತ್ತಿಕೊಳ್ಳಬೇಡಿ.