ಮಾತ್ರೆ ನುಂಗಿದ್ರೆ ನೆಗಡಿ ಬರಲ್ಲ ಅಂದವರು

ನನ್ನ ಹತ್ತಿರ ಸಲಹೆಗೆ ಬಂದ ಹೆಂಗಸು, ವಯಸ್ಸು 42. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮರೆವಿನ ಕಾಯಿಲೆಯ ಅತ್ತೆಯನ್ನು ಮೂರು ವರ್ಷದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಬಂದು ಕೂತವರು ಮೊದಲು ತೋರಿಸಿದ್ದು ಬೆರಳು. ಈಳಿಗೆಮಣೆಯಲ್ಲಿ ಬದನೆಕಾಯಿ ಹೆಚ್ಚುವಾಗ ಆದ ಗಾಯ, ಮೂರು ವಾರವಾದರೂ ಕೂಡಿರಲಿಲ್ಲ, ಉಗುರಿನ ಸಂದಿಯಲ್ಲಿ ಅರಿಶಿನ ಹಾಗೇ ಇತ್ತು. ಜೊತೆಗೆ ಮೇಲಿಂದ ಮೇಲೆ ನೆಗಡಿ, ಬಾಯಿಹುಣ್ಣು.

ನಿದ್ದೆ ಬರದಿದ್ದಾಗ ಡಾಕ್ಟರು ಎರಡು ವಾರಕ್ಕೆ ಅಂತ ಬರೆದುಕೊಟ್ಟಿದ್ದ ಆತಂಕ ತಗ್ಗಿಸುವ ಆಲ್‌ಪ್ರಜೋಲಾಮ್ 0.25 ಮಿಲಿಗ್ರಾಂ ಮಾತ್ರೆಯನ್ನು ಹಳೇ ಚೀಟಿ ತೋರಿಸಿಯೇ ಐದು ತಿಂಗಳಿಂದ ತಗೊಳ್ಳುತ್ತಿದ್ದರು. (ಶೆಡ್ಯೂಲ್ ಎಚ್1, ಅಂದರೆ ಮಾರಾಟಕ್ಕೆ ಬಿಗಿ ನಿಯಮವಿರುವ ಪಟ್ಟಿಯ ಮಾತ್ರೆ, ಹಾಗೆಲ್ಲ ಕೊಡುವಂತಿಲ್ಲ. ಆದರೂ ಸಿಗುತ್ತೆ, ಏನು ಹೇಳೋದು.) "ಮೇಡಂ, ಮೊದಲ ತಿಂಗಳು ನೆಗಡೀನೇ ಬರ್ಲಿಲ್ಲ. ಇಮ್ಯುನಿಟಿಗೂ ಇದು ಒಳ್ಳೇದು ಅಲ್ವಾ?"

ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಒತ್ತಡವಾದಾಗ ಮೆದುಳು ಸುದ್ದಿ ಕಳಿಸುತ್ತದೆ, ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಬಿಡುತ್ತದೆ. ನಾಲ್ಕು ದಿನವಾದರೆ ಸರಿ. ತಿಂಗಳುಗಟ್ಟಲೆ ಆದರೆ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಕೆಲಸ ಮಂದವಾಗುತ್ತದೆ. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಮನಶ್ಶಾಸ್ತ್ರಜ್ಞೆ ಜಾನಿಸ್ ಕೀಕೋಲ್ಟ್-ಗ್ಲೇಸರ್ ಅವರ ತಂಡ ನೋಡಿದ್ದು ಇವರಂಥವರನ್ನೇ: ಮರೆವಿನ ಕಾಯಿಲೆಯವರ ಆರೈಕೆ ಮಾಡುವ 13 ಹೆಂಗಸರಿಗೆ ಒಂದು ಪುಟ್ಟ ಗಾಯ ವಾಸಿಯಾಗಲು ಅಂಥ ಹೊರೆ ಇಲ್ಲದವರಿಗಿಂತ ಸುಮಾರು 9 ದಿನ ಜಾಸ್ತಿ ಹಿಡಿಯಿತು. ಈ ಮಾತ್ರೆ ಮೆದುಳನ್ನು ತಣ್ಣಗಾಗಿಸುವ ಗಾಬಾ ರಾಸಾಯನಿಕಕ್ಕೆ ಬಲ ಕೊಡುತ್ತದೆ, ಆ ಸುದ್ದಿಯೇ ತಗ್ಗಿ ಕಾರ್ಟಿಸಾಲ್ ಇಳಿಯುತ್ತದೆ. ಒತ್ತಡಕ್ಕೆ ಸಿಕ್ಕ ಇಲಿಗಳ ರೋಗನಿರೋಧಕ ಶಕ್ತಿ ಕುಗ್ಗದಂತೆ ಇದು ತಡೆದದ್ದೂ ಉಂಟು. ಹಾಗಂತ ಇದು ನೆಗಡಿಗೆ ಔಷಧಿಯಲ್ಲ. ಮೈ ಒಗ್ಗಿಕೊಂಡಂತೆ ಮಾತ್ರೆಯ ಹಿಡಿತ ಸಡಿಲವಾಗುತ್ತದೆ, ಅವರಿಗೂ ಎರಡನೇ ತಿಂಗಳಿಂದ ನೆಗಡಿ ವಾಪಸ್ ಬಂದಿತ್ತು.

ಇಷ್ಟು ಕೇಳಿ "ಇವತ್ತೇ ಬಿಸಾಕ್ತೀನಿ" ಅಂದರು. ಬೇಡವೇ ಬೇಡ ಅಂದೆ. ದಿಢೀರ್ ನಿಲ್ಲಿಸಿದರೆ ಆತಂಕ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ, ಕೆಲವರಿಗೆ ಫಿಟ್ಸ್ ಕೂಡ. ಮನೋವೈದ್ಯರ ಹತ್ತಿರ ಕಳಿಸಿದೆ, ಅವರು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಿದ್ದಾರೆ. ಗಾಯ ಒಣಗದ್ದಕ್ಕೆ ಶುಗರ್ ಟೆಸ್ಟ್ ಮಾಡಿಸಿ ಅಂತಲೂ ಹೇಳಿದೆ, ಎಲ್ಲವನ್ನೂ ಸುಮ್ನೆ ಟೆನ್ಷನ್ ತಲೆಗೆ ಕಟ್ಟಬಾರದು. ನಡುರಾತ್ರಿ ಎದೆ ಹೊಡೆದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ ಅಂದೆ.

ಆಮೇಲೆ ಕೇಳಿದೆ: ಗಂಡ, ಮೈದುನ ಇಬ್ಬರೂ ಇರುವ ಮನೆಯಲ್ಲಿ ರಾತ್ರಿ ಅತ್ತೆ ಎದ್ದಾಗಲೆಲ್ಲ ನೀವೊಬ್ಬರೇ ಏಳೋದು ಯಾಕೆ? ಉತ್ತರ ಬರಲಿಲ್ಲ. ಮುಂದಿನ ಸಲ ಅವರಿಬ್ಬರನ್ನೂ ಕರ್ಕೊಂಡು ಬನ್ನಿ ಅಂದೆ. ಗಂಡ ಬಂದರು, ವಾರಕ್ಕೆ ಮೂರು ರಾತ್ರಿ ಅಮ್ಮನ ಕೋಣೆಯಲ್ಲಿ ಮಲಗಲು ಒಪ್ಪಿದರು. ಮೈದುನ ಇನ್ನೂ ಫೋನ್ ಎತ್ತಿಲ್ಲ.