ಬೆಳಿಗ್ಗೆ ಮಾತ್ರ ಹತ್ತುವ ಟೈರ್ ದೀಪ: ಸೆನ್ಸರ್ ಬದಲಿಸುವ ಮೊದಲು ಇಷ್ಟು ನೋಡಿ

ಕಾರಿಗೆ ಎರಡು ವರ್ಷ. ಒಂದು ವಾರದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟೈರಿನ ಗಾಳಿ ಕಡಿಮೆ ಅಂತ ಹೇಳುವ ಕುದುರೆ ಲಾಳದಂಥ ಹಳದಿ ದೀಪ, ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಮಾಯ. ಪಂಕ್ಚರ್ ಅಂಗಡಿಯವರು ಟೈರಿಗೆ ಒದ್ದು ನೋಡಿ ಗಾಳಿ ಸರಿ ಇದೆ ಅಂದರು, ಗ್ಯಾರೇಜಿನವರು ಗಾಳಿ ಅಳೆಯುವ ಸೆನ್ಸರ್ ಹೋಗಿದೆ ಅಂದರು. ನೀವು ಬರೆದದ್ದು ಇಷ್ಟು, ಅಲ್ವಾ? ಸದ್ಯಕ್ಕೆ ಸೆನ್ಸರಿಗೆ ದುಡ್ಡು ಸುರಿಯಬೇಡಿ ಮಾರಾಯ್ರೆ.

ಸೆನ್ಸರ್ ಕೆಟ್ಟರೆ ದೀಪ ಬೇರೆ ಥರ ವರ್ತಿಸುತ್ತದೆ. ಹೆಚ್ಚಿನ ಕಾರುಗಳಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಒಂದು ನಿಮಿಷದಷ್ಟು ಮಿಟುಕುತ್ತದೆ, ಆಮೇಲೆ ನಿಂತು ಉರಿಯುತ್ತದೆ. ನಿಮ್ಮದು ಮಿಟುಕುತ್ತಿಲ್ಲ, ಗಾಡಿ ಓಡಿದ ಮೇಲೆ ಆರುತ್ತದೆ. ಅಂದರೆ ಗಾಳಿ ನಿಜವಾಗಿಯೂ ಕಡಿಮೆ ಇದೆ. ಚಕ್ರದೊಳಗಿನ ಸೆನ್ಸರಿನ ಬ್ಯಾಟರಿ ಕೂಡ ಸಾಮಾನ್ಯವಾಗಿ 5ರಿಂದ 10 ವರ್ಷ ಬರುತ್ತದೆ, ಎರಡೇ ವರ್ಷಕ್ಕೆ ಸಾಯುವುದು ಅಪರೂಪ.

ಬೆಳಿಗ್ಗೆ ಮಾತ್ರ ಯಾಕೆ? ಚಳಿ. ಓಡಿದ ಮೇಲೆ ಟೈರು ಬಿಸಿಯಾಗಿ ಒತ್ತಡ ಏರುತ್ತದೆ, ದೀಪ ಆರುತ್ತದೆ. ಉಷ್ಣಾಂಶ ಸುಮಾರು 6 ಡಿಗ್ರಿ ಇಳಿದರೆ ಟೈರಿನಲ್ಲಿ ಹತ್ತಿರ ಹತ್ತಿರ 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ನಮ್ಮ ಕಡೆ ಡಿಸೆಂಬರಿನಲ್ಲಿ ಮಧ್ಯಾಹ್ನ 30 ಡಿಗ್ರಿ ಇದ್ದದ್ದು ಬೆಳಗಿನ ಮಂಜಿಗೆ 15ಕ್ಕೆ ಬರುತ್ತದೆ, ಅಲ್ಲಿಗೇ 2-3 ಪಿಎಸ್‌ಐ ಹೋಯಿತು. ಆದರೆ ಬರೀ ಚಳಿಗೆ ದೀಪ ಬರುವುದಿಲ್ಲ. 33 ಪಿಎಸ್‌ಐ ಇರಬೇಕಾದ ಟೈರು ಸುಮಾರು 25ಕ್ಕೆ, ಅಂದರೆ ಕಾಲು ಭಾಗ ಇಳಿದ ಮೇಲೇ ಎಷ್ಟೋ ಕಾರುಗಳು ಬಾಯಿ ಬಿಡುತ್ತವೆ. ಉಳಿದ ಐದಾರು ಎಲ್ಲಿ ಹೋಯಿತು? ಮಳೆ ಶುರುವಾಗುವ ಮೊದಲು ಗಾಳಿ ಹಾಕಿಸಿದ್ದು ಅಂತ ನೀವೇ ಬರೆದಿದ್ದೀರಿ. ಯಾವ ತೂತೂ ಇಲ್ಲದ ಟೈರೇ ತಿಂಗಳಿಗೆ ಒಂದರ ಹತ್ತಿರ ಕಳೆದುಕೊಳ್ಳುತ್ತದೆ. ಲೆಕ್ಕ ಕೂಡಿತು ನೋಡಿ. ಒದ್ದು ನೋಡುವುದೆಲ್ಲ ಎತ್ತಿನಗಾಡಿ ಕಾಲದ ಪರೀಕ್ಷೆ, ಈಗಿನ ರೇಡಿಯಲ್ ಟೈರು 26 ಇದ್ದರೂ 33 ಇದ್ದರೂ ಕಣ್ಣಿಗೆ ಒಂದೇ ಥರ.

ಗಾಳಿ ಅಳೆಯುವ ಒಂದು ಗೇಜ್ ತಗೊಳ್ಳಿ, ಕೆಲವೇ ನೂರು ರೂಪಾಯಿ. ರಾತ್ರಿಯಿಡೀ ನಿಂತ ಗಾಡಿಗೆ, ಬೆಳಿಗ್ಗೆ ಹಾಲು ತರಲು ಹೋಗುವ ಮೊದಲೇ, ಮನೆಯಲ್ಲೇ ನಾಲ್ಕೂ ಟೈರು ಅಳೆದು ಬರೆದಿಡಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿದೆ. ಟೈರಿನ ಪಕ್ಕದಲ್ಲಿ ಕೆತ್ತಿದ್ದು ಅದು ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಬೇಡಿ. ಸ್ಟಿಕ್ಕರ್ ಅಳತೆ ತಣ್ಣಗಿನ ಟೈರಿನದ್ದು. ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ ಬಂಕಿನಲ್ಲಿ 33 ಹಾಕಿಸಿದರೆ ಮಾರನೇ ಬೆಳಿಗ್ಗೆ 30 ತೋರಿಸಿದರೂ ಆಶ್ಚರ್ಯವಿಲ್ಲ. ಅದಕ್ಕೇ ನಾನು 12 ವೋಲ್ಟಿನ ಸಣ್ಣ ಪಂಪ್ ಮನೆಯಲ್ಲೇ ಇಟ್ಟುಕೊಂಡಿದ್ದೇನೆ.

ನಾಲ್ಕೂ ಒಂದೇ ಸಮ ಇಳಿದಿದ್ದರೆ ತುಂಬಿಸಿ, ಮುಗಿಯಿತು. ಒಂದೇ ಟೈರು ಕಡಿಮೆ ಇದ್ದರೆ ತುಂಬಿಸಿ ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ಇಳಿಯುತ್ತಿದ್ದರೆ ಸೋಪು ನೀರು ಹಚ್ಚಿ ಗುಳ್ಳೆ ಹುಡುಕಿ. ಮೊದಲು ವಾಲ್ವ್ ಪಿನ್, ಆಮೇಲೆ ವಾಲ್ವಿನ ಬುಡ, ಆಮೇಲೆ ಮೇಲ್ಮೈ. ನಮ್ಮಲ್ಲಿ ಬಿದಿರು ಮುಳ್ಳು ಮುರಿದು ಒಳಗೇ ಉಳಿದಿರುತ್ತದೆ, ಬೆರಳು ಆಡಿಸಿದರೂ ಸಿಕ್ಕುವುದಿಲ್ಲ.

ನನ್ನ ಗಾಡಿಯಲ್ಲಿ ಎಡ ಹಿಂದಿನ ಟೈರು ಐದು ದಿನಕ್ಕೆ 4 ಕಳೆಯುತ್ತಿತ್ತು. ಎರಡು ಅಂಗಡಿಯಲ್ಲಿ ತೂತು ಇಲ್ಲ ಅಂದರು. ಇಬ್ಬರೂ ಹೊರ ಮೈ ಮಾತ್ರ ನೋಡಿದ್ದರು. ಚಕ್ರ ಬಿಚ್ಚಿ ಒಳಬದಿಗೆ ಸೋಪು ನೀರು ಹಚ್ಚಿದಾಗ, ಟೈರು ರಿಮ್ಮಿಗೆ ಕೂರುವ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ನೊರೆ. ತೋಟದ ರಸ್ತೆಯ ಕೆಸರು ಕೂತು ಅಲಾಯ್ ರಿಮ್ ಅಲ್ಲಿ ಪುಡಿ ಎದ್ದಿತ್ತು. ಟೈರು ಬಿಡಿಸಿ, ಅಂಚು ಉಜ್ಜಿ, ಸೀಲರ್ ಹಚ್ಚಿ ಕೂರಿಸಿದ ಮೇಲೆ ಮತ್ತೆ ಇಳಿದಿಲ್ಲ. ಗುಂಡಿಗೆ ಬಿದ್ದು ರಿಮ್ ಬಾಗಿದರೂ ಹೀಗೇ ಆಗುತ್ತದೆ.

ಟೈರು ಬಿಡಿಸುವ ಮೊದಲು ಒಳಗೆ ಸೆನ್ಸರ್ ಇದೆ ಅಂತ ಹೇಳಿಬಿಡಿ, ಕಬ್ಬಿಣದ ಪಟ್ಟಿ ಹಾಕಿ ಮೀಟಿದರೆ ಮುರಿಯುತ್ತದೆ. ಪಕ್ಕದ ಗೋಡೆಯಲ್ಲಿ ತೂತಾಗಿದ್ದರೆ ಪಂಕ್ಚರ್ ಹಾಕಿಸಬೇಡಿ, ಟೈರೇ ಬದಲಿಸಿ.

ಕೆಲವು ಕಾರುಗಳಲ್ಲಿ ಚಕ್ರದೊಳಗೆ ಸೆನ್ಸರೇ ಇರುವುದಿಲ್ಲ. ಗಾಳಿ ಇಳಿದ ಚಕ್ರ ಸ್ವಲ್ಪ ಜಾಸ್ತಿ ಸುತ್ತುತ್ತದೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಅದನ್ನು ನೋಡಿ ಹೇಳುತ್ತದೆ. ನಾಲ್ಕೂ ಒಟ್ಟಿಗೆ ಇಳಿದರೆ ಇದು ಸುಮ್ನೆ ಕೂತಿರಲೂಬಹುದು. ಇಂಥದ್ದರಲ್ಲಿ ಗಾಳಿ ತುಂಬಿದ ಮೇಲೆ ರೀಸೆಟ್ ಒತ್ತಬೇಕು. ತುಂಬುವ ಮೊದಲೇ ಒತ್ತಿದರೆ ಆ ಕಡಿಮೆ ಗಾಳಿಯೇ ಸರಿ ಅಂತ ಅದು ಕಲಿತುಬಿಡುತ್ತದೆ. ದೀಪ ಆರಿತು ಅಂತ ನಾವು ಆರಾಮಾಗಿ ಆಗುಂಬೆಯ ತಿರುವು ಇಳಿಯುತ್ತಿರುತ್ತೇವೆ.

ನಾಳೆ ಬೆಳಗಿನ ನಾಲ್ಕೂ ಅಳತೆ ಇಲ್ಲೇ ಹಾಕಿ. ಯಾವ ಕಾರು ಅಂತಲೂ ಬರೆಯಿರಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಅಳೆಯಿರಿ, ಅದಕ್ಕೆ ಹೆಚ್ಚಾಗಿ ದೀಪ ಇರುವುದಿಲ್ಲ.