ರವಿವಾರದ ಮ್ಯಾಚು, ಖಂಡೆ ಪೂಜೆಯ ಪೇಡೆ

ಕ್ರೈಸ್ತ ಓದುಗರಿಂದ ಬಂದ ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಕ್ರಿಕೆಟ್ಟಿನವೇ. ಉಳಿದವು ದಸರೆಯವು, ಚುನಾವಣೆಯವು.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಲೆದರ್ ಬಾಲ್ ಟೂರ್ನಮೆಂಟಿಗೆ ಆಯ್ಕೆ ಆಗ್ಯಾನ. ಮ್ಯಾಚ್ ಎಲ್ಲಾ ರವಿವಾರ ಮುಂಜಾನೆ, ಆರಾಧನಿ ಹೊತ್ತಿಗೇ. ‘ಎರಿಕ್ ಲಿಡೆಲ್ ಒಲಿಂಪಿಕ್ಸಿನ್ಯಾಗ ರವಿವಾರ ಓಡಲಿಲ್ಲ, ನೀನೂ ಆಡಬ್ಯಾಡ’ ಅಂತಾರ ಅವರಪ್ಪ. ಹುಡುಗ ಮಾತು ಬಿಟ್ಟಾನ. ಏನ್ ಮಾಡೂದು?
— ಒಬ್ಬ ತಾಯಿ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಸ್ಕಾಟ್ಲೆಂಡಿನ ಓಟಗಾರ ಲಿಡೆಲ್ ಹೆಸರು ತೆಗೆದ ಮೇಲೆ ಅವರ ಕಥೆಯನ್ನು ಪೂರ್ತಿ ಹೇಳಬೇಕು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಹೀಟ್ಸ್ ಜುಲೈ 6ರ ರವಿವಾರ ಬಿದ್ದಿದ್ದವು. ಅವರ ಕಥೆಯ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದಲ್ಲಿ ಹಡಗು ಹತ್ತುವ ಹೊತ್ತಿಗೆ ಅವರಿಗೆ ಇದು ತಿಳಿದಂತೆ ತೋರಿಸಿದ್ದಾರೆ. ನಿಜವಾಗಿ ತಿಂಗಳುಗಟ್ಟಲೆ ಮೊದಲೇ ಗೊತ್ತಿತ್ತು. ಆಗಲೇ ‘ಆ ಓಟ ನನ್ನಿಂದಾಗದು’ ಎಂದು ತಿಳಿಸಿ, 200 ಮತ್ತು 400 ಮೀಟರಿನ ತಾಲೀಮಿಗೆ ಇಳಿದರು. 400ರಲ್ಲಿ 47.6 ಸೆಕೆಂಡಿಗೆ ಚಿನ್ನ ಬಂತು, 200ರಲ್ಲಿ ಕಂಚು. ಅವರು ಯಾರಿಗೂ ಕೊನೇ ಗಳಿಗೆಯಲ್ಲಿ ಕೈಕೊಡಲಿಲ್ಲ ಎಂಬುದನ್ನು ಮನೆಯವರಿಗೆ ಹೇಳಿ.

ಅದೇ ಲಿಡೆಲ್ ಆಮೇಲೆ ಮಿಷನರಿಯಾಗಿ ಚೀನಾಕ್ಕೆ ಹೋದರು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವರನ್ನು ಅಲ್ಲಿನ ವೈಶೀನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಮಕ್ಕಳು ಒಂದು ರವಿವಾರ ರೆಫ್ರಿ ಇಲ್ಲದೆ ಹಾಕಿ ಆಡಿ ಬಡಿದಾಡಿಕೊಂಡರು. ಮುಂದಿನ ರವಿವಾರ ಲಿಡೆಲ್ ತಾವೇ ಸೀಟಿ ಹಿಡಿದು ಮೈದಾನಕ್ಕಿಳಿದರು. ತನಗಾಗಿ ಓಡದ ಮನುಷ್ಯ ಮಕ್ಕಳಿಗಾಗಿ ನಿಂತ. ಯಜಮಾನರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ದಿನಗಳ ವಿಷಯದಲ್ಲಿ ಒಬ್ಬರ ಮನಸ್ಸಾಕ್ಷಿಯನ್ನು ಇನ್ನೊಬ್ಬರ ಮೇಲೆ ಹೇರಬೇಡಿ ಎಂದು ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಪೌಲ ಹೇಳಿದ್ದಾನೆ. ಹಾಗೆಂದು ಆರಾಧನೆ ಬಿಟ್ಟರೂ ನಡೆದೀತು ಎಂದಲ್ಲ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿ. ವರ್ಷಕ್ಕೆ ಮೂರೋ ನಾಲ್ಕೋ ರವಿವಾರವಾದರೆ ನಮ್ಮ ಮಟ್ಟಿಗೆ ಅಡ್ಡಿಯಿಲ್ಲ. ಆ ದಿನ ಬೇರೆ ಹೊತ್ತಿನ ಆರಾಧನೆಗೆ ಹೋಗಲಿ, ಇಲ್ಲವೇ ಬೆಳಿಗ್ಗೆ ಆರಕ್ಕೆ ಮನೆಮಂದಿಯೆಲ್ಲ ಕೂತು ಪ್ರಾರ್ಥನೆ ಮಾಡಿ. ಜೂನಿನಿಂದ ಫೆಬ್ರುವರಿವರೆಗೆ ಪ್ರತಿ ರವಿವಾರವೂ ಹೀಗೇ ಎಂದಾದರೆ ಆ ತಂಡ ಬೇಡ, ಶನಿವಾರ ಆಡುವ ತಂಡ ಹುಡುಕಿ.

ಡ್ರಾ ಎತ್ತುವ ಮೊದಲೇ ಕೋಚ್ ಕೈಗೆ ನಾಲ್ಕು ಸಾಲಿನ ಚೀಟಿ ಕೊಡಿ: ಇಂಥ ದಿನ ಮಧ್ಯಾಹ್ನದ ಮ್ಯಾಚ್ ಸಿಕ್ಕರೆ ಅನುಕೂಲ, ಆಗದಿದ್ದರೆ ಇಂಥ ರವಿವಾರಗಳಿಗೆ ಬದಲಿ ಆಟಗಾರನನ್ನು ಇಟ್ಟುಕೊಳ್ಳಿ ಎಂದು. ಚೀಟಿಯನ್ನು ಹುಡುಗನೇ ಬರೆದು ಹುಡುಗನೇ ಕೊಡಬೇಕು. ಶನಿವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ‘ನಾಳೆ ಬರೂದಿಲ್ರಿ’ ಅಂದರೆ ತಂಡ ಹತ್ತೇ ಜನರಲ್ಲಿ ಆಡಬೇಕಾಗುತ್ತದೆ. ಆಮೇಲೆ ಕ್ರೈಸ್ತ ಹುಡುಗರನ್ನು ಕರೆಯಲು ಆ ಕೋಚ್ ಎರಡು ಸಲ ಯೋಚಿಸುತ್ತಾರೆ.

ಪ್ರಶ್ನೆ: ನಮ್ಮ ಯೌವನಸ್ಥರ ಸಂಘದಿಂದ ಟೆನಿಸ್ ಬಾಲ್ ಟೂರ್ನಮೆಂಟ್. ಹತ್ತು ತಂಡ, ತಂಡಕ್ಕೆ ಸಾವಿರ ರೂಪಾಯಿ ಎಂಟ್ರಿ, ಗೆದ್ದವರಿಗೆ ಎಂಟು ಸಾವಿರ. ಇದು ಜೂಜು ಅಂತ ಹಿರಿಯರು ತಡೆದಿದ್ದಾರೆ. ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಟೀಮ್ ಮಾಡುವವರನ್ನು ಮಾತ್ರ ಯಾರೂ ಕೇಳುವುದಿಲ್ಲ.
— ಬೆಟಗೇರಿ, ಗದಗ

ಉತ್ತರ: ಹಿರಿಯರ ಅನುಮಾನ ಸರಿಯಿದೆ, ಪರಿಹಾರವೂ ಸುಲಭವಿದೆ. ಸೋತವರ ದುಡ್ಡು ಗೆದ್ದವರ ಜೇಬಿಗೆ ಹೋಗುವಂತಿದ್ದರೆ ಅದು ಪಣ. ಎಂಟ್ರಿಯನ್ನು ಖರ್ಚಿಗಷ್ಟೇ ಇಡಿ. ಹತ್ತು ತಂಡದ ನಾಕೌಟ್ ಎಂದರೆ ಒಂಬತ್ತೇ ಮ್ಯಾಚು. ಮ್ಯಾಚಿಗೆ ಎರಡರಂತೆ 18 ಚೆಂಡು, ಕಳೆದುಹೋಗುವ ಲೆಕ್ಕಕ್ಕೆ ಇನ್ನೊಂದು ಆರು. ಜೊತೆಗೆ ಅಂಪೈರ್ ಚಹಾ-ನಾಷ್ಟಾ, ಸುಣ್ಣ, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಇಷ್ಟನ್ನೂ ಕೂಡಿಸಿ ಹತ್ತರಿಂದ ಭಾಗಿಸಿದರೆ ಬರುವುದೇ ಎಂಟ್ರಿ. ಕಪ್ಪನ್ನು ಬೇರೆ ದಾನಿಯಿಂದ ಕೊಡಿಸಿ, ನಗದು ಬಹುಮಾನ ಬೇಡವೇ ಬೇಡ. ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ಜಗಳ ಹುಟ್ಟುವುದು ಹೆಚ್ಚಾಗಿ ಉಳಿದ ಇನ್ನೂರು-ಮುನ್ನೂರು ರೂಪಾಯಿಯಲ್ಲೇ.

ಮೊಬೈಲ್ ಆಟದ ಬಗ್ಗೆ ಸಂಘ ಬಾಯಿ ಮುಚ್ಚಿಕೊಂಡು ಕೂರುವಂತಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ; ಕೌಶಲವೋ ಅದೃಷ್ಟವೋ ಎಂಬ ಭೇದ ಅದರಲ್ಲಿಲ್ಲ. ಶಿಕ್ಷೆ ಇರುವುದು ಆಡಿಸುವವರಿಗೆ, ಆಡುವವರಿಗಲ್ಲ. ಆದರೆ ಆ ದುಡ್ಡು ಮನೆಯ ಕಿರಾಣಿ ಲೆಕ್ಕದಿಂದ ಹೋಗುತ್ತಿದ್ದರೆ ಕಾಯ್ದೆ ತೆಗೆದು ನೋಡುವ ಅಗತ್ಯವೇ ಇಲ್ಲ.

ಪ್ರಶ್ನೆ: ಲೇಥ್ (ಕಬ್ಬಿಣ ಕಡೆಯುವ ಮಷೀನ್) ಆಪರೇಟರ್ ಇದ್ದೀನಿ. ಖಂಡೆ ಪೂಜೆ (ಆಯುಧ ಪೂಜೆ) ದಿನ ಮಾಲಕರು ನನ್ನ ಮಷೀನಿಗೆ ನನ್ನಿಂದಲೇ ಪೂಜೆ ಮಾಡಿಸಬೇಕಂತಾರೆ. ಪೇಡೆ ಕೊಟ್ಟರೆ ತಿನ್ನಬಹುದೇ? ಮರುದಿನ ಬನ್ನಿ ಕೊಟ್ಟರೆ?
— ಗೋಕುಲ ರೋಡ್, ಹುಬ್ಬಳ್ಳಿ

ಉತ್ತರ: ಮೂರೂ ಬೇರೆಬೇರೆ ಪ್ರಶ್ನೆ, ಒಂದೇ ಗಂಟು ಕಟ್ಟಿದರೆ ಬಿಡಿಸಲಾಗದು.

ಪೂಜೆಯನ್ನು ನೀವೇ ಮಾಡುವುದು ಆಗದು. ಇದನ್ನು ನವರಾತ್ರಿ ಶುರುವಾಗುವ ಮೊದಲೇ ಮಾಲಕರು ಒಬ್ಬರೇ ಇದ್ದಾಗ ಹೇಳಿ: ‘ಸಾಹೇಬ್ರ, ಆರತಿ ಬೇರೆಯವರ ಕಡೆ ಮಾಡಿಸ್ರಿ. ಮಷೀನ್ ತೊಳಿಯೂದು, ಎಣ್ಣಿ ಬಿಡೂದು, ಶಾಪ್ ಬಳಿಯೂದು ಎಲ್ಲಾ ನಾ ಮಾಡ್ತೀನಿ.’ ಹೇಳಿದ ಮೇಲೆ ಮಾಡಿ ತೋರಿಸಬೇಕು. ಮಷೀನಿನ ಬೆಡ್ (ಕೆಳಗಿನ ಉದ್ದ ಹಾಸು) ಮೇಲಿನ ಕಬ್ಬಿಣದ ಸುರುಳಿ ತೆಗೆದು, ಕಬ್ಬಿಣ ಹಿಡಿಯುವ ಚಕ್ ಬಿಚ್ಚಿ ಒರೆಸಿ, ಎಣ್ಣೆ ಹಚ್ಚಿ. ಪೂಜೆ ಮುಗಿದ ಮೇಲೆ ಕುಂಕುಮದ ನೀರು ಬೆಡ್ ಮೇಲೆ ನಿಲ್ಲದಂತೆ ಒರೆಸುವುದೂ ನಿಮ್ಮದೇ ಕೆಲಸ, ಇಲ್ಲದಿದ್ದರೆ ಎರಡು ದಿನದ ರಜೆಯಲ್ಲಿ ತುಕ್ಕು ಹಿಡಿಯುತ್ತದೆ. ಆ ಹೊತ್ತಿಗೆ ಶಾಪಿನಲ್ಲಿ ಸುಮ್ಮನೆ ಗೌರವದಿಂದ ನಿಲ್ಲಲು ಹೆದರಬೇಡಿ. ಬೈಬಲಿನ 2 ಅರಸುಗಳು 5ನೇ ಅಧ್ಯಾಯ ಓದಿ. ಸಿರಿಯದ ಸೇನಾಪತಿ ನಾಮಾನ ತನ್ನ ರಾಜನಿಗೆ ಕೈಯಾಸರೆಯಾಗಿ ರಿಮ್ಮೋನನ ಗುಡಿಗೆ ಹೋಗಲೇಬೇಕಿತ್ತು. ಅದನ್ನು ಹೇಳಿಕೊಂಡಾಗ ಪ್ರವಾದಿ ಎಲೀಷ ಅವನನ್ನು ಗದರಲಿಲ್ಲ, ಸಮಾಧಾನದಿಂದ ಹೋಗು ಎಂದ.

ಪೇಡೆಗೆ 1 ಕೊರಿಂಥ 10:27-28 ನೋಡಿ. ಮುಂದಿಟ್ಟದ್ದನ್ನು ವಿಚಾರಣೆ ಮಾಡದೆ ತಿನ್ನಿ. ಆದರೆ ‘ಇದು ನೈವೇದ್ಯ’ ಎಂದು ಒಬ್ಬರು ಹೇಳಿಯೇ ಕೊಟ್ಟರೆ, ಹೇಳಿದವರ ಮನಸ್ಸಾಕ್ಷಿಗಾಗಿ ಬಿಡಿ. ಪ್ಯಾಕೆಟ್ ಹರಿಯದೆ ತಂದ ಧಾರವಾಡ ಪೇಡೆಗೂ ದೇವರ ಮುಂದಿಟ್ಟ ತಟ್ಟೆಗೂ ಇರುವ ವ್ಯತ್ಯಾಸ ಅಷ್ಟೇ. ಬೇಡವೆನ್ನುವಾಗ ಮುಖ ಸಿಂಡರಿಸಬೇಡಿ.

ಬನ್ನಿ ವಿಷಯದಲ್ಲಿ ನಮ್ಮವರು ಸುಮ್ಮನೆ ಬಿಗಿ ಮಾಡುತ್ತಾರೆ ಎಂದೇ ನಮ್ಮ ಅನಿಸಿಕೆ. ಗಿಡದ ಪೂಜೆಗೆ ಹೋಗುವುದು ಬೇರೆ. ಮಗ್ಗುಲ ಮನೆಯ ಹಿರಿಯರು ಬಾಗಿಲಿಗೆ ಬಂದು ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅಂದರೆ ಅದು ಮುರಿದ ಮಾತು ಕೂಡಿಸುವ ರೀತಿ. ಎರಡೂ ಕೈಯೊಡ್ಡಿ ತಗೊಳ್ಳಿ, ಒಳಗೆ ಕರೆದು ಚಹಾ ಕೊಡಿ. ಕ್ರಿಸ್ಮಸ್ಸಿಗೆ ನೀವು ಕಳಿಸುವ ಕರ್ಚಿಕಾಯಿಯನ್ನು ಅವರು ತಿನ್ನುತ್ತಾರಲ್ಲ.

ಪ್ರಶ್ನೆ: ಮದುವೆ ರಿಸೆಪ್ಷನ್‌ನಲ್ಲಿ ಸಿನಿಮಾ ಹಾಡು ಹಾಡಿಸಬಹುದೇ?
— ರಾಣೆಬೆನ್ನೂರು

ಉತ್ತರ: ಹಾಡಿಸಬಹುದು. ಆರ್ಕೆಸ್ಟ್ರಾದವರಿಗೆ ವಾರ ಮೊದಲೇ ಹದಿನೈದು ಹಾಡಿನ ಪಟ್ಟಿ ಕೊಡಿ, ಸಾಹಿತ್ಯ ಓದಿಯೇ ಆರಿಸಿ. ಪಟ್ಟಿ ಕೊಡದಿದ್ದರೆ ರಾತ್ರಿ ಒಂಬತ್ತರ ಮೇಲೆ ಅವರದೇ ರಾಜ್ಯ. ಹತ್ತಕ್ಕೆ ಧ್ವನಿವರ್ಧಕ ಬಂದ್, ಅದು ಕಾನೂನು.

ಪ್ರಶ್ನೆ: ಚುನಾವಣೆ ಬಂದರೆ ಅಭ್ಯರ್ಥಿಗಳು ಆರಾಧನೆ ಮುಗಿಯುವ ಹೊತ್ತಿಗೆ ಬಂದು ಎರಡು ಮಾತಾಡುತ್ತೇವೆ ಅಂತಾರೆ. ಒಬ್ಬರು ಮೈಕ್ ಸೆಟ್ ಕೊಡಿಸುತ್ತೇನೆ ಅಂದಿದ್ದಾರೆ. ಚರ್ಚಿನ ಸಭಾಪಾಲಕರಿಗೆ ಇಲ್ಲ ಅನ್ನಲು ಸಂಕೋಚ.
— ಸಭಾ ಸಮಿತಿಯ ಸದಸ್ಯರು, ಹಾವೇರಿ

ಉತ್ತರ: ಸಂಕೋಚವನ್ನು ಕಾನೂನಿನ ಮೇಲೆ ಹಾಕಿ. ಪ್ರಾರ್ಥನಾ ಸ್ಥಳಗಳಲ್ಲಿ ಪ್ರಚಾರ ಕೂಡದೆಂದು ನೀತಿಸಂಹಿತೆ ಹೇಳುತ್ತದೆ. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯುವ 1988ರ ಕಾಯ್ದೆಯ ಪ್ರಕಾರ ಜಾಗವನ್ನು ಪಕ್ಷದ ಕೆಲಸಕ್ಕೆ ಬಿಟ್ಟುಕೊಟ್ಟವರಿಗೆ ಐದು ವರ್ಷದವರೆಗೆ ಸೆರೆಯಾಗಬಹುದು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನಲ್ಲಿ ಧರ್ಮದ ಹೆಸರಿನಲ್ಲಿ ಮತ ಕೇಳುವುದೂ, ದೇವರ ಕೋಪದ ಹೆದರಿಕೆ ಹಾಕುವುದೂ ಭ್ರಷ್ಟಾಚರಣೆಯೇ. ಮತದಾರರ ಧರ್ಮದ ಹೆಸರಿನಲ್ಲಿ ಕೇಳಿದರೂ ಅದೇ ತಪ್ಪು ಎಂದು 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪು ಕೊಟ್ಟಿದೆ.

ಚುನಾವಣೆ ಘೋಷಣೆಗೆ ಮೊದಲೇ ಸಮಿತಿಯಲ್ಲಿ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಅಭ್ಯರ್ಥಿ ಆರಾಧನೆಗೆ ಬಂದರೆ ಎಲ್ಲರಂತೆ ಬೆಂಚಿನ ಮೇಲೆ ಕೂರಲಿ: ಹಾರ, ಪಕ್ಷದ ಶಾಲು, ಮೈಕ್ ಯಾವುದೂ ಇಲ್ಲ. ಪ್ರಾರ್ಥನೆ ಮಾಡುವುದಾದರೆ 1 ತಿಮೊಥೆಯ 2ರಲ್ಲಿರುವಂತೆ ಅಧಿಕಾರದಲ್ಲಿರುವ ಎಲ್ಲರಿಗಾಗಿ, ಒಬ್ಬರ ಹೆಸರು ಹಿಡಿದಲ್ಲ. ಮತದಾನದ ದಿನಾಂಕ, ಗುರುತಿನ ಚೀಟಿಯ ನೆನಪು ಪ್ರಕಟಣೆಯಲ್ಲಿ ಬರಬಹುದು. ಮೈಕ್ ಸೆಟ್ ಬೇಡ. ಮತಕ್ಕಾಗಿ ಕೊಟ್ಟರೆ ಅದು ಲಂಚ. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಮತದಾನ ಮುಗಿಯುವವರೆಗೆ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿ. ಆ ಅಡ್ಮಿನ್ ಯಾವ ಪಕ್ಷದ ಕಾರ್ಯಕರ್ತನೂ ಆಗಿರದಂತೆ ಮೊದಲೇ ನೋಡಿಕೊಳ್ಳಿ.